ಉಸಿರಿಗೊಂದು ಖಾಲಿ ಮನೆ

ಫೆಬ್ರವರಿ ೪, ಮಂಗಳವಾರ

ಮಾತಾಡಿದರೆ ಪ, ಬ, ಮ ಎಲ್ಲ ಬಾಯಿಯ ಎಡಗಡೆಯಿಂದ ಸೋರಿಹೋಗುತ್ತವೆ. ಬರೆದರೆ ನೆಟ್ಟಗೆ ಬರುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ, ಯಾರಿಗೂ ತೋರಿಸುವುದಕ್ಕಲ್ಲ.

ಕನ್ನಡಿ ವರದಿ: ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ಎಡಹುಬ್ಬು ಏಳುವುದಿಲ್ಲ. ತುಟಿಯ ಎಡತುದಿ ಜೋತುಬಿದ್ದಿದೆ. ನಕ್ಕರೆ ಅರ್ಧ ಮುಖ ನಗುತ್ತದೆ, ಇನ್ನರ್ಧ ಇವಳು ಯಾರೋ ನನಗೆ ಗೊತ್ತಿಲ್ಲ ಅನ್ನುವ ಹಾಗೆ ಕೂತಿರುತ್ತದೆ. ಚಹಾ ಅರ್ಧ ಹೊಟ್ಟೆಗೆ, ಅರ್ಧ ಮಡಿಲಿಗೆ.

ಮುಖದ ನರ ಊದಿಕೊಂಡಿದೆಯಂತೆ. ಬಹಳ ಜನಕ್ಕೆ ತಾನಾಗಿಯೇ ಸರಿಹೋಗುತ್ತದಂತೆ, ಆದರೆ ವಾರಗಳೋ ತಿಂಗಳುಗಳೋ ಹೇಳಲಾಗದಂತೆ. ಅಲ್ಲಿಯವರೆಗೆ ಕೊಳಲಿನ ಸುದ್ದಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದರು, ಉಪ್ಪು ಸ್ವಲ್ಪ ಕಡಿಮೆ ಮಾಡಿ ಅನ್ನುವ ದನಿಯಲ್ಲಿ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಂದು ಸಲ ಊದಿ ನೋಡಿದೆ. ಬರೀ ಗಾಳಿ, ಜೊತೆಗೆ ಜೊಲ್ಲು. ಕೊಳಲನ್ನು ಒರೆಸಿ ಚೀಲಕ್ಕೆ ಹಾಕಿ, ಚೀಲವನ್ನು ಕಪಾಟಿನ ಮೇಲಿಟ್ಟೆ. ಅಳುವೂ ಬಂತು.

ಇಷ್ಟು ವರ್ಷ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು, ಬೇರೆಯವರು ಕಟ್ಟಿದ್ದನ್ನು ಬೇರೆಯವರ ಬೆನ್ನು ನೋಡುತ್ತಾ ನುಡಿಸಿದವಳು ನಾನು. ಮೊದಲ ಸಲ ಒಬ್ಬರು ಮನೆಗೇ ಬಂದು ನಿಮ್ಮದೇ ಸಂಗೀತ ಬೇಕು ಅಂದರು. ಈಜುಕೊಳದ ಕೋಚ್. ಅವರ ಎಂಟು ಹುಡುಗಿಯರು ನೀರಿನಲ್ಲಿ ಒಟ್ಟಿಗೆ ಕುಣಿಯುತ್ತಾರೆ, ಅದಕ್ಕೆ ನಾಲ್ಕು ನಿಮಿಷದ ಕೊಳಲು ಬೇಕು, ಮಾರ್ಚ್ ಮಧ್ಯದಲ್ಲಿ ಸ್ಪರ್ಧೆ. ನನಗೆ ಎರಡು ಕೋಡು ಮೂಡಿದ ಹಾಗಾಗಿತ್ತು. ಒಪ್ಪಿಕೊಂಡ ಮೇಲೆ ಒಂದು ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಬಾಯಲ್ಲಿ ನಿಲ್ಲಲಿಲ್ಲ. ಯಾರ ಕಣ್ಣು ಬಿತ್ತೋ.

ಫೆಬ್ರವರಿ ೬, ಗುರುವಾರ

ಕನ್ನಡಿ ವರದಿ: ಮೊನ್ನೆಯದೇ.

ಕೋಚ್ ಫೋನ್ ಮಾಡಿದರು. ಅವರ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿರುತ್ತದೆ, ಹುಡುಗಿಯರೆಲ್ಲ ಸೀಟಿ ಮೇಡಂ ಎಂದೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ. ನನ್ನ ಮಾತು ಅವರಿಗೆ ಅರ್ಥವಾಗದೆ ಇವರು, ನನ್ನ ಗಂಡ, ಫೋನ್ ತೆಗೆದುಕೊಂಡು ನಡೆದದ್ದೆಲ್ಲ ಹೇಳಿದರು. ಸೀಟಿ ಮೇಡಂ ಬಹಳ ಮರುಗಿದರಂತೆ. ಆಮೇಲೆ ಕೆಲಸದ ಮಾತಿಗೆ ಬಂದರು. ಈ ತಿಂಗಳ ಕೊನೆಯವರೆಗೆ ಕಾಯುತ್ತಾರೆ, ಆಗಲಿಲ್ಲವಾದರೆ ಹೋದ ವರ್ಷದ ರೆಡಿಮೇಡ್ ಸಂಗೀತವನ್ನೇ ಹಾಕುತ್ತಾರೆ. ಆ ಸಂಗೀತದಲ್ಲಿ ಅವರು ಕೊನೆಯ ಸ್ಥಾನಕ್ಕೆ ಬಂದಿದ್ದರು.

ಇವರು ಬೀಗ ರಿಪೇರಿ ಮಾಡುವವರು, ಯಾವ ಬಾಗಿಲೂ ತೆಗೆಯದೆ ಇರುವುದಿಲ್ಲ ಎಂಬ ನಂಬಿಕೆ. ಬೇರೆ ಯಾರಾದರೂ ನುಡಿಸಲಿ, ನೀನು ಹೇಳಿಕೊಡು ಅಂದರು. ನನಗೆ ಮೂಗಿನ ತುದಿಗೇ ಕೋಪ ಬಂತು. ಅದು ನನ್ನದು. ಬೇರೆಯವರ ಉಸಿರಿನಲ್ಲಿ ಅದು ಯಾಕೆ ಬರಬೇಕು? ತಟ್ಟೆ ದೂಡಿ ಎದ್ದೆ, ಆಮೇಲೆ ಹಸಿವಾಗಿ ನಾನೇ ಹಾಕಿಕೊಂಡು ತಿಂದೆ.

ಫೆಬ್ರವರಿ ೯, ಭಾನುವಾರ

ನಾದಿನಿ ಬಂದಿದ್ದಳು. ಇವರ ತಂಗಿ, ಜಾಹೀರಾತುಗಳಿಗೆ ಸದ್ದು ಕೂರಿಸುವ ಸ್ಟುಡಿಯೋದಲ್ಲಿ ಕೆಲಸ. ಸೋಪಿನ ಗುಳ್ಳೆ ಒಡೆಯುವ ಸದ್ದಿಗೆ ಸಂಬಳ ತೆಗೆದುಕೊಳ್ಳುವವಳು ಎಂದು ನಾನು ರೇಗಿಸುತ್ತಿದ್ದವಳು. ಇವತ್ತು ಅವಳ ಸರದಿ. ನನ್ನ ಮುಖ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು, ಮರುಕ್ಷಣವೇ ನನ್ನ ಕಂಪ್ಯೂಟರ್ ಮುಂದೆ ಕೂತು ಒಂದು ಸಾಫ್ಟ್‌ವೇರ್ ಹಾಕಿದಳು.

ಪರದೆಯ ಮೇಲೆ ಒಂದು ಸಾಲು, ಸಾಲಿನಲ್ಲಿ ಹದಿನಾರು ಚೌಕದ ಮನೆಗಳು. ಎಡದಿಂದ ಬಲಕ್ಕೆ ಒಂದು ದೀಪ ಓಡುತ್ತದೆ. ಮನೆಯನ್ನು ಒತ್ತಿ ತುಂಬಿಸಿದ್ದರೆ ದೀಪ ಬಂದಾಗ ಅಲ್ಲೊಂದು ಸ್ವರ ಕೇಳುತ್ತದೆ, ಖಾಲಿ ಬಿಟ್ಟಿದ್ದರೆ ಸುಮ್ಮನಿರುತ್ತದೆ. ಪ್ರತಿ ಮನೆಯ ಕೆಳಗೊಂದು ಸಣ್ಣ ಕಡ್ಡಿ, ಎತ್ತಿದರೆ ಸ್ವರ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಸಾಲು ಮುಗಿದರೆ ಮತ್ತೆ ಮೊದಲಿನಿಂದ. ಬೇಕಾದಷ್ಟು ಸಾಲು ಮಾಡಿಕೊಂಡು ಒಂದರ ಹಿಂದೆ ಒಂದು ಜೋಡಿಸಬಹುದು. ಇದರ ಹೆಸರು ಸ್ಟೆಪ್ ಸೀಕ್ವೆನ್ಸರ್.

ಸಾಮಾನ್ಯವಾಗಿ ಡ್ರಮ್‌ಗೆ ಬಳಸುತ್ತಾರಂತೆ, ರಾಗಕ್ಕೂ ಬಳಸಬಹುದಂತೆ. ನನ್ನ ಹಳೆಯ ತಾಲೀಮುಗಳ ಧ್ವನಿಮುದ್ರಣದಿಂದ ಒಂದೊಂದೇ ಸ್ವರವನ್ನು ಕತ್ತರಿಸಿ ಒಳಗೆ ಹಾಕಿಕೊಟ್ಟಳು. ಅಂದರೆ ಕೇಳುವುದು ನನ್ನದೇ ಕೊಳಲು, ಹೋದ ವರ್ಷದ್ದು, ಹೋಳುಹೋಳಾಗಿ. ಅದನ್ನು ಮತ್ತೆ ಮತ್ತೆ ಒತ್ತಿ ಕೇಳಿದೆ. ಆದರೂ, ಇದು ನುಡಿಸುವುದಲ್ಲ, ಮನೆ ತುಂಬಿಸುವುದು ಅಷ್ಟೆ ಎಂದು ಗೊಣಗಿದೆ.

"ತುಂಬಿಸಿ ನೋಡಿ ಅತ್ತಿಗೆ, ಆಮೇಲೆ ಬೈಯೋರಂತೆ" ಅಂದಳು.

ಫೆಬ್ರವರಿ ೧೦, ಸೋಮವಾರ

ಟೂ ಟೂ ಟೂ ಟೂ. ಹದಿನಾರು ಮನೆಗೂ ಅದೇ ಸ್ವರ, ಲಾರಿ ರಿವರ್ಸ್ ತೆಗೆಯುವಾಗ ಕೂಗುವ ಹಾಗೆ. ಇವರು ಅಡುಗೆಮನೆಯಿಂದ ಇಣುಕಿ, ಲಾರಿ ನಿಂತಿತಾ ಎಂದು ಕೇಳಿದರು. ಇವತ್ತು ಇಷ್ಟೇ.

ಫೆಬ್ರವರಿ ೧೩, ಗುರುವಾರ

ಕನ್ನಡಿ ವರದಿ: ಹುಬ್ಬು ಇನ್ನೂ ಮಲಗಿದೆ.

ಬೆಳಿಗ್ಗೆ ಕೂತವಳು ಮಧ್ಯಾಹ್ನದ ಊಟ ಮರೆತೆ. ಮೂರು ದಿನ ನಾನು ಮಾಡಿದ್ದು ಮೂರ್ಖತನ. ತಲೆಯಲ್ಲಿದ್ದ ರಾಗವನ್ನು ಹಾಗೇ ತಂದು ಮನೆಗಳಿಗೆ ತುರುಕುತ್ತಿದ್ದೆ, ಅದು ಬಿಗಿ ಅಂಗಿ ಹಾಕಿಕೊಂಡವರ ಹಾಗೆ ಒದ್ದಾಡುತ್ತಿತ್ತು. ಇವತ್ತು ಉಲ್ಟಾ ಮಾಡಿದೆ. ಒಂದೇ ಸಾಲು, ಅದರಲ್ಲಿ ನಾಲ್ಕೇ ಮನೆ ತುಂಬಿಸಿ, ದೀಪ ಸುತ್ತುತ್ತಿರುವಾಗಲೇ ಕಡ್ಡಿಗಳನ್ನು ಎತ್ತಿ ಇಳಿಸಿ ಕೇಳುತ್ತಾ ಕೂತೆ. ಸುತ್ತು ಬಂದಾಗಲೆಲ್ಲ ಒಂದೇ ಒಂದು ಬದಲಾವಣೆ.

ಏಳನೆಯ ಮನೆಯ ಕಡ್ಡಿ ಕೈ ಜಾರಿ ಬಹಳ ಮೇಲೆ ಹೋಯಿತು. ಇಳಿಸಬೇಕು ಅನ್ನುವಷ್ಟರಲ್ಲಿ ದೀಪ ಅಲ್ಲಿಗೆ ಬಂತು. ಕೆಳಗಿನ ಸ್ವರದಿಂದ ಸ್ವರ ಒಮ್ಮೆಲೇ ಚಂಗನೆ ಹಾರಿ ಅಲ್ಲೇ ನಿಂತಿತು, ನೀರಿನಿಂದ ಕಾಲು ಮೇಲೆದ್ದ ಹಾಗೆ. ನನ್ನ ಬೆರಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗದ ದಾರಿ ಅದು. ಬೆರಳಿಗೆ ಅಭ್ಯಾಸದ ದಾರಿಗಳಿರುತ್ತವೆ, ಈ ಕಡ್ಡಿಗೆ ಅಭ್ಯಾಸವೇ ಇಲ್ಲ, ಎಲ್ಲಿ ಬಿಟ್ಟರೂ ಹೋಗುತ್ತದೆ. ಆ ಸಾಲನ್ನು ಎಷ್ಟು ಸಲ ಕೇಳಿದೆನೋ. ಇವರು ಅಂಗಡಿಯಿಂದ ಬರುವ ಹೊತ್ತಿಗೆ ನಾನು ಇನ್ನೂ ಬಾಚಣಿಗೆ ಮುಟ್ಟಿರಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಕೇಳಿದರು, ಆಮೇಲೆ ಕಾಲಿನಿಂದ ತಾಳ ಹಾಕಿದರು.

ಫೆಬ್ರವರಿ ೧೯, ಬುಧವಾರ

ನಾಲ್ಕು ನಿಮಿಷ ಮುಗಿಯಿತು. ಸಾಲುಗಳನ್ನು ಜೋಡಿಸಿ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಚೆನ್ನಾಗಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ಇಲ್ಲಿ ಓದುವವರು ಯಾರು? ಬಹಳ ಚೆನ್ನಾಗಿದೆ.

ನಾದಿನಿಗೆ ಕಳಿಸಿದೆ. ಹೊಗಳಿದಳು, ಆಮೇಲೆ ಜೋರಾಗಿ ನಕ್ಕಳು. ಪ್ರತಿ ಎರಡು ಸಾಲಿನ ಕೊನೆಗೆ ಎರಡು ಮನೆ ಖಾಲಿ ಬಿಟ್ಟಿದ್ದೀರಲ್ಲ, ಯಾಕೆ ಎಂದು ಕೇಳಿದಳು. ನಾನೂ ಆಗಲೇ ಗಮನಿಸಿದ್ದು. ಹೌದು, ಎಲ್ಲ ಕಡೆಯೂ ಬಿಟ್ಟಿದ್ದೇನೆ. ಯಾಕೆಂದರೆ ಅಲ್ಲಿ ಉಸಿರು ತೆಗೆದುಕೊಳ್ಳಬೇಕು.

"ಅತ್ತಿಗೆ, ಕಂಪ್ಯೂಟರ್ ಉಸಿರಾಡಲ್ಲ."

ನನಗೂ ನಗು ಬಂತು, ನಾಚಿಕೆಯೂ ಆಯಿತು. ಊದುವವರ ಚಾಳಿ, ಊದದಿದ್ದರೂ ಬಿಡುವುದಿಲ್ಲ. ರಾಗ ಮಧ್ಯೆ ಮಧ್ಯೆ ಕಡಿದ ಹಾಗೆ ಕೇಳುತ್ತದೆ, ತುಂಬಿಸಿಬಿಡಿ ಅಂದಳು. ಅವಳ ಕಸುಬು ಅದು, ನನಗೇನು ಗೊತ್ತು. ಸಂಜೆಯವರೆಗೆ ಕೂತು ಖಾಲಿ ಮನೆಗಳಿಗೆಲ್ಲ ಸ್ವರ ಹಾಕಿದೆ. ಅವಳು ಅದರ ಮೇಲೆ ಪ್ರತಿಧ್ವನಿ ಹಚ್ಚಿಕೊಟ್ಟಳು, ದೊಡ್ಡ ಸಭಾಂಗಣದಲ್ಲಿ ನುಡಿಸಿದ ಹಾಗಾಯಿತು. ಈಗ ಎಲ್ಲೂ ಬಿರುಕಿಲ್ಲ, ಎಣ್ಣೆ ಸುರಿದ ಹಾಗೆ ಹರಿಯುತ್ತದೆ. ಸೀಟಿ ಮೇಡಂಗೆ ಕಳಿಸಿದೆ.

ಫೆಬ್ರವರಿ ೨೪, ಸೋಮವಾರ

ಸೀಟಿ ಮೇಡಂ ಫೋನ್ ಮಾಡಿದರು. ದಡದಲ್ಲಿ ನಿಂತು ಕೇಳಿದರೆ ಮೈ ಜುಮ್ಮೆನ್ನುತ್ತದಂತೆ. ನೀರಿಗಿಳಿದರೆ ಹುಡುಗಿಯರು ದಾರಿ ತಪ್ಪುತ್ತಿದ್ದಾರಂತೆ. ಒಬ್ಬಳು ಮೇಲೆ ಬಂದರೆ ಇನ್ನೊಬ್ಬಳು ಕೆಳಗೆ, ಎಲ್ಲರೂ ನೀರು ಕುಡಿದದ್ದೇ ಕುಡಿದದ್ದು. ಹಳೆಯ ಸಂಗೀತಕ್ಕೇ ಹೋಗುತ್ತೇನೆ, ತಪ್ಪು ತಿಳಿಯಬೇಡಿ, ಹುಡುಗಿಯರು ವರ್ಷವಿಡೀ ಪಟ್ಟ ಕಷ್ಟ ನೀರಿಗೆ ಹೋಗಬಾರದು ಅಂದರು.

ನಾನು ಫೋನ್ ಇಟ್ಟು ಕೈ ಚೆಲ್ಲಿ ಕೂತೆ. ತುಟಿ ಹೋಯಿತು, ಈಗ ಇದೂ ಹೋಯಿತು. ಹಾಗಾದರೆ ನಾನು ಯಾರು? ಜೊಲ್ಲು ಒರೆಸಿಕೊಳ್ಳುತ್ತಾ ಕಿಟಕಿ ಪಕ್ಕ ಕೂರುವ ಒಬ್ಬ ಹೆಂಗಸು. ಅತ್ತುಬಿಟ್ಟೆ, ಬೇಕಾದಷ್ಟು ಅತ್ತುಬಿಟ್ಟೆ. ಇವರು ಸಮಾಧಾನ ಮಾಡಲು ಬಂದರೆ ಅವರ ಮೇಲೂ ಹರಿಹಾಯ್ದೆ.

ಆದರೆ ಒಂದು ಮಾತು ತಲೆ ಕೊರೆಯುತ್ತಿದೆ. ದಡದಲ್ಲಿ ಚೆನ್ನಾಗಿದ್ದದ್ದು ನೀರಿನಲ್ಲಿ ಯಾಕೆ ಕೆಡುತ್ತದೆ? ಅದನ್ನು ನಾನು ಕಿವಿಯಾರೆ ಕೇಳದೆ ಸುಮ್ಮನಾಗುವುದಿಲ್ಲ. ನಾಳೆ ಹೋಗುತ್ತೇನೆ.

ಫೆಬ್ರವರಿ ೨೫, ಮಂಗಳವಾರ

ತಲೆಗೂದಲು ಇನ್ನೂ ಒದ್ದೆ, ಒರೆಸಿಕೊಳ್ಳುವ ಮೊದಲೇ ಬರೆಯಲು ಕೂತಿದ್ದೇನೆ. ಎಲ್ಲ ಬರೆಯಬೇಕು.

ಬಸ್ಸಿನಲ್ಲಿ ಹೋದೆ. ಈಜುಕೊಳದ ಕಟ್ಟಡದೊಳಗೆ ಕ್ಲೋರಿನ್ ವಾಸನೆ, ಒದ್ದೆ ನೆಲ, ಗೋಡೆಯ ಮೇಲೆ ದೊಡ್ಡ ಗಡಿಯಾರ. ಹುಡುಗಿಯರು ಮೂಗಿಗೆ ಕ್ಲಿಪ್ ಹಾಕಿಕೊಂಡು ನೀರಿನಲ್ಲಿ ತಲೆಕೆಳಗಾಗಿದ್ದರು, ಬರೀ ಹದಿನಾರು ಕಾಲು ಮೇಲೆ. ಸೀಟಿ ಮೇಡಂ ದಡದಲ್ಲಿ ಮಂಡಿಯೂರಿ ಕಬ್ಬಿಣದ ಏಣಿಯ ಕಂಬಿಗೆ ಚಮಚದಿಂದ ಬಡಿದು ಲೆಕ್ಕ ಹಾಕುತ್ತಿದ್ದರು. ಚಮಚದ ಸದ್ದು ನೀರೊಳಗೆ ಕೇಳುತ್ತದಂತೆ. ಸಂಗೀತಕ್ಕೆ ನೀರೊಳಗೇ ಒಂದು ಸ್ಪೀಕರ್ ಇಳಿಬಿಟ್ಟಿದ್ದಾರೆ.

ನನ್ನದನ್ನು ಹಾಕಿ ಅಂದೆ, ನಾನು ಇಳಿಯುತ್ತೇನೆ. ಮೇಡಂ ಮೇಲಿಂದ ಕೆಳಗೆ ನೋಡಿದರು. ಅವರದೇ ಒಂದು ಈಜುಡುಗೆ ಕೊಟ್ಟರು, ನನಗೆ ಎರಡು ಸುತ್ತು ದೊಡ್ಡದು, ಭುಜದ ಮೇಲೆ ಗಂಟು ಹಾಕಿಕೊಂಡೆ. ಎಡಗಣ್ಣಿಗೆ ನೀರು ಹೋಗದ ಹಾಗೆ ಈಜುಕನ್ನಡಕ ಬಿಗಿದರು. ತುಟಿ ಮುಚ್ಚುವುದಿಲ್ಲವಲ್ಲ, ಬಾಯಿಯ ಎಡತುದಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು, ಇನ್ನೊಂದು ಕೈಯಲ್ಲಿ ಏಣಿ ಹಿಡಿದು ಮುಳುಗಿ, ಉಸಿರಿಗೆ ಎದ್ದು, ಮತ್ತೆ ಮತ್ತೆ ಮುಳುಗಿದೆ. ದಡದಲ್ಲಿ ಎಂಟು ಹುಡುಗಿಯರೂ ಅವರಲ್ಲೊಬ್ಬಳ ಅಜ್ಜಿಯೂ ನೋಡುತ್ತಿದ್ದರು. ನೋಡಲಿ ಬಿಡು.

ನೀರೊಳಗೆ ಅದು ನನ್ನ ಸಂಗೀತವೇ ಅಲ್ಲ. ಸ್ವರಗಳು ಒಂದಕ್ಕೊಂದು ಅಂಟಿಕೊಂಡು, ಪ್ರತಿಧ್ವನಿ ಅದಕ್ಕೆ ಅಂಟಿಕೊಂಡು, ಎಲ್ಲ ಸೇರಿ ಬೆಂದು ಮುದ್ದೆಯಾದ ಅನ್ನ. ಎಲ್ಲಿ ಸಾಲು ಶುರುವಾಯಿತು ಎಲ್ಲಿ ಮುಗಿಯಿತು ಒಂದೂ ತಿಳಿಯುವುದಿಲ್ಲ. ಒಂದೇ ಒಂದು ಕಡೆ, ಮೂರನೆಯ ಭಾಗದ ಕೊನೆಯಲ್ಲಿ, ತುಂಬಿಸಲು ಮರೆತ ಎರಡು ಮನೆ ಇತ್ತು. ಅಲ್ಲಿ ಸದ್ದು ನಿಂತಿತು. ಬಾಗಿಲು ಹಾಕಿದ ಹಾಗೆ ಸ್ಪಷ್ಟವಾಗಿ ನಿಂತಿತು. ಆಮೇಲೆ ಬಂದ ಸ್ವರ ನೀರೊಳಗೂ ಚಮಚದಷ್ಟೇ ಚುರುಕಾಗಿ ಕೇಳಿಸಿತು. ಅಷ್ಟರಲ್ಲಿ ನನ್ನ ಉಸಿರು ಮುಗಿದು ಜೀವ ಬಾಯಿಗೆ ಬಂದಿತ್ತು, ಮೇಲೆದ್ದೆ. ಅದೇ ಎರಡು ಮನೆಯಲ್ಲಿ ಮೇಲೆದ್ದಿದ್ದರೆ ಉಸಿರು ಸಾಕಾಗುತ್ತಿತ್ತು.

ಕೆಮ್ಮುತ್ತಾ, ಮೂಗಿನಿಂದ ನೀರು ಸುರಿಸುತ್ತಾ ಮೇಡಂ ಕೈ ಹಿಡಿದುಕೊಂಡೆ. ಪ, ಬ, ಮ ಎಲ್ಲ ಚೆಲ್ಲಾಪಿಲ್ಲಿಯಾದರೂ ಮಾತು ಮುಟ್ಟಿತು.

"ನಿಮ್ಮ ಹುಡುಗಿಯರು ಎಲ್ಲೆಲ್ಲಿ ಮೇಲೆ ಬಂದು ಉಸಿರು ತಗೊಳ್ತಾರೆ? ಒಂದೊಂದನ್ನೂ ತೋರಿಸಿ."

"ಯಾಕೆ?"

"ಅಲ್ಲೆಲ್ಲ ಮನೆ ಖಾಲಿ ಮಾಡ್ತೀನಿ."

ಒಂದು ವಾರ ಕೊಡುತ್ತೇನೆ ಅಂದರು. ಅದರ ಮೇಲೆ ಒಂದು ದಿನವೂ ಇಲ್ಲ, ಅಭ್ಯಾಸಕ್ಕೆ ಹೊತ್ತು ಬೇಕು ಅಂದರು. ಇವತ್ತು ಬಸ್ಸಿನಲ್ಲಿ ಕೂತು ಬರುವಾಗ ಎದುರಿನ ಸೀಟಿನ ಮಗು ನನ್ನ ಮುಖವನ್ನೇ ನೋಡುತ್ತಿತ್ತು. ನಾನು ಅದಕ್ಕೆ ತಾಳ ಹಾಕಿ ತೋರಿಸಿದೆ.

ಫೆಬ್ರವರಿ ೨೭, ಗುರುವಾರ

ಪ್ರತಿಧ್ವನಿ ತೆಗೆದುಹಾಕಿದೆ. ನಾದಿನಿ ಫೋನಿನಲ್ಲಿ, ಒಣಕಲು ಆಗುತ್ತದೆ ಎಂದು ವಾದಿಸಿದಳು. ಬೇಕಾದಷ್ಟು ನೀರಿದೆ, ಒಣಗುವುದಿಲ್ಲ ಅಂದೆ. ಸೋತೆ ಎಂದು ನಕ್ಕಳು. ಅವಳು ಸೋಲೊಪ್ಪಿದ್ದು ನನಗೆ ನೆನಪಿರುವಂತೆ ಇದೇ ಮೊದಲು.

ಹಾಗೆಂದು ಸುಲಭವೇನಲ್ಲ. ನಾನು ಮೊದಲು ಬಿಟ್ಟಿದ್ದ ಖಾಲಿ ಮನೆಗಳು ನನ್ನ ಉಸಿರಿನವು, ಎರಡು ಸಾಲಿಗೊಮ್ಮೆ. ಹುಡುಗಿಯರ ಉಸಿರು ಬೇರೆ. ತಲೆಕೆಳಗಾದಾಗ ನಾಲ್ಕೈದು ಸಾಲು ಕಟ್ಟಿ ಹಿಡಿಯುತ್ತಾರೆ, ಮೇಲೆ ಬಂದಾಗ ಬೇಗ ಬೇಗ ಎರಡು ಸಲ ಬೇಕು. ಹಾಗಾಗಿ ಬರೀ ಮನೆ ಖಾಲಿ ಮಾಡಿದರೆ ಸಾಲದು, ಅಲ್ಲಿಗೆ ಬರುವ ರಾಗವೂ ಅಲ್ಲಿ ನಿಲ್ಲಲು ಒಪ್ಪಬೇಕು. ಮೂರು ಸಾಲು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಹಾರುವ ಸ್ವರವನ್ನು ಎರಡನೆಯ ಭಾಗಕ್ಕೆ ಒಯ್ದೆ, ಅಲ್ಲಿ ಏಳು ಜನ ಸೇರಿ ಒಬ್ಬಳನ್ನು ನೀರಿನಿಂದ ಮೇಲಕ್ಕೆಸೆಯುತ್ತಾರೆ.

ಮಾರ್ಚ್ ೪, ಮಂಗಳವಾರ

ಕೊಳದಲ್ಲಿ ಬೆಳಗಿನಿಂದ ಇದ್ದೆ. ಮೊದಲನೆಯ ಸಲ ಅರ್ಧಕ್ಕೇ ನಿಂತಿತು. ಎರಡನೆಯ ಸಲ ಮುಕ್ಕಾಲು. ಒಂದು ಕಡೆ ಮೇಡಂಗೂ ನನಗೂ ಜಗಳವೇ ಆಯಿತು. ಅವರು ರಾಗ ಬದಲಾಯಿಸಿ ಅಂದರು, ನಾನು ನೀವು ಕಾಲು ಬದಲಾಯಿಸಿ ಅಂದೆ. ಕೊನೆಗೆ ಅವರು ಒಂದು ತಿರುವು ಬಿಟ್ಟುಕೊಟ್ಟರು, ನಾನು ಒಂದು ಮನೆ ಬಿಟ್ಟುಕೊಟ್ಟೆ.

ಮೂರನೆಯ ಸಲ ಮೇಡಂ ಕೈಯಲ್ಲಿ ಚಮಚ ಹಿಡಿದುಕೊಂಡೇ ಇದ್ದರು, ಬಡಿಯಲಿಲ್ಲ. ಬಡಿಯುವ ಅಗತ್ಯವೇ ಬರಲಿಲ್ಲ. ಖಾಲಿ ಮನೆ ಬಂದಾಗಲೆಲ್ಲ ಎಂಟು ಮುಖ ಒಟ್ಟಿಗೆ ಮೇಲೆ, ಸ್ವರ ಬಂದಾಗ ಎಂಟೂ ಒಟ್ಟಿಗೆ ಕೆಳಗೆ. ತಂಡದ ನಾಯಕಿ ಕೊಳದ ಅಂಚಿಗೆ ಬಂದು ಕ್ಲಿಪ್ ತೆಗೆದು, "ಆಂಟಿ, ಇದು ನಮಗೆ ಎಲ್ಲಿ ಉಸಿರಾಡ್ಬೇಕು ಅಂತ ಹೇಳ್ಕೊಂಡೇ ಹೋಗುತ್ತೆ" ಅಂದಳು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಳೆಯ ಸಂಗೀತದ ಮಾತನ್ನು ಮೇಡಂ ಮತ್ತೆ ಎತ್ತಲಿಲ್ಲ.

ಮಾರ್ಚ್ ೧೦, ಸೋಮವಾರ

ಡಾಕ್ಟರ ಹತ್ತಿರ ಹೋಗುವುದು ಇವತ್ತಿತ್ತಂತೆ, ಇವರು ಸಂಜೆ ನೆನಪಿಸಿದರು. ಹುಬ್ಬು ಎದ್ದಿದೆಯಲ್ಲ ಎಂದೂ ಅವರೇ ಹೇಳಿದರು. ಇರಬಹುದು. ಕೊನೆಯ ಭಾಗದಲ್ಲಿ ಒಂದು ಸಾಲು ಇನ್ನೂ ತೂಕಡಿಸುತ್ತಿದೆ, ಅದನ್ನು ಎಬ್ಬಿಸಬೇಕು.

ಮಾರ್ಚ್ ೧೫, ಶನಿವಾರ

ಗೆದ್ದೆವು. ಗೆದ್ದೆವು, ಗೆದ್ದೆವು. ಮೊದಲು ಇದನ್ನು ಬರೆದುಬಿಟ್ಟೆ, ಈಗ ನಿಧಾನವಾಗಿ ಬರೆಯುತ್ತೇನೆ.

ದೊಡ್ಡ ಈಜುಕೊಳ, ಮೂರು ಕಡೆ ಮೆಟ್ಟಿಲುಗಳ ತುಂಬ ಜನ. ಇವರು ಅಂಗಡಿಗೆ ಬೀಗ ಹಾಕಿ ಬಂದಿದ್ದರು, ನಾದಿನಿ ರಜೆ ಹಾಕಿ ಬಂದಿದ್ದಳು. ನಮ್ಮ ತಂಡಕ್ಕಿಂತ ಮೊದಲು ಬಂದವರೆಲ್ಲ ಢಂ ಢಂ ಎಂದು ಕಿವಿ ಹರಿಯುವ ಸಂಗೀತ ಹಾಕಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು.  ನಮ್ಮದರಲ್ಲಿ ಇರುವುದು ಒಂದು ಕೊಳಲು, ಅದರ ಮಧ್ಯೆ ಮಧ್ಯೆ ಏನೂ ಇಲ್ಲ. ಏನೂ ಇಲ್ಲದ್ದನ್ನು ಇಷ್ಟು ಜನರ ಮುಂದೆ ಹಾಕಿಸುತ್ತಿದ್ದೇನಲ್ಲ ಎಂದು ಇವರ ಕೈಯನ್ನು ಉಗುರು ನಾಟುವಷ್ಟು ಹಿಡಿದುಕೊಂಡೆ.

ಮೊದಲ ಸಾಲು ಶುರುವಾಯಿತು. ಹುಡುಗಿಯರು ಮುಳುಗಿದರು. ಕಾಲುಗಳು ಎದ್ದವು, ತಿರುಗಿದವು, ಒಂದೊಂದಾಗಿ ಮಡಚಿದವು. ಮೊದಲ ಖಾಲಿ ಮನೆ ಬಂತು, ಸಂಗೀತ ನಿಂತಿತು, ಎಂಟು ಮುಖ ಮೇಲೆ ಬಂದವು. ಮೆಟ್ಟಿಲ ಮೇಲೆ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಆ ಮೌನದಲ್ಲಿ ಎಂಟು ಜನ ಒಟ್ಟಿಗೆ ಉಸಿರು ಎಳೆದುಕೊಂಡ ಸದ್ದು ಮೇಲಿನ ಮೆಟ್ಟಿಲವರೆಗೂ ಕೇಳಿಸಿತು. ಹಾ ಎಂದು, ಒಂದೇ ದನಿ. ಮತ್ತೆ ಕೊಳಲು, ಮತ್ತೆ ನೀರು.

ಎರಡನೆಯ ಭಾಗದಲ್ಲಿ ಸ್ವರ ಹಾರಿತು, ಹುಡುಗಿಯೂ ಹಾರಿದಳು, ಒಂದು ಕೂದಲಿನಷ್ಟೂ ಹಿಂದೆ ಮುಂದೆ ಇಲ್ಲ. ಅಲ್ಲಿಂದ ಮುಂದೆ ಖಾಲಿ ಮನೆ ಬರುವುದನ್ನು ಜನವೇ ಕಾಯತೊಡಗಿದರು. ಕೊನೆಯ ಸಲ ಸಂಗೀತ ನಿಂತಾಗ ನನ್ನ ಪಕ್ಕದಲ್ಲಿದ್ದ ಯಾರೋ ಗುರುತಿಲ್ಲದ ಹೆಂಗಸು, ಇವರು, ನಾದಿನಿ, ಎಲ್ಲರೂ ಹುಡುಗಿಯರ ಜೊತೆಗೇ ಉಸಿರು ಎಳೆದುಕೊಂಡರು. ಇಡೀ ಕಟ್ಟಡ ಒಟ್ಟಿಗೆ ಉಸಿರಾಡಿತು. ನನ್ನ ಕಣ್ಣು ಮಂಜಾಗಿ ಮುಂದಿನದೇನೂ ಕಾಣಲಿಲ್ಲ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೇಳಿದೆ, ಎಡಗಣ್ಣೂ ಈಗ ಮುಚ್ಚುತ್ತದೆ.

ಅಂಕಗಳು ಬಂದಾಗ ಮೇಡಂ ಬಟ್ಟೆ ಸಮೇತ ನೀರಿಗೆ ಹಾರಿದರು. ಕಳೆದ ಸಲದ ಕೊನೆಯ ತಂಡ ಈ ಸಲ ಮೊದಲನೆಯದು. ಅಳುತ್ತಾ ನಗುತ್ತಾ ಹುಡುಗಿಯರು ನನ್ನನ್ನೂ ಎಳೆದುಕೊಂಡು ಹೋಗಿ ನಡುವೆ ನಿಲ್ಲಿಸಿಕೊಂಡರು, ನನ್ನ ಬಟ್ಟೆಯೆಲ್ಲ ನೆನೆದು ತೊಪ್ಪೆಯಾಯಿತು. ನಾದಿನಿ ನನ್ನ ಕಿವಿಯಲ್ಲಿ, ಆ ಖಾಲಿ ಮನೆಗಳ ವಿಷಯದಲ್ಲಿ ನೀವು ನನ್ನ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು ಅಂದಳು. ಕೇಳಿದ್ದೆ ಕಣೇ, ಅದಕ್ಕೇ ನೀರು ಕುಡಿದದ್ದು ಅಂದೆ.

ಎರಡನೆಯ ಸ್ಥಾನಕ್ಕೆ ಬಂದ ತಂಡದ ಕೋಚ್, ಎತ್ತರದ ಹೆಂಗಸು, ನಮ್ಮನ್ನು ಹುಡುಕಿಕೊಂಡು ಬಂದು ಸೀಟಿ ಮೇಡಂಗೆ ಕೈ ಕುಲುಕಿ ಕೊಳಲು ಯಾರು ನುಡಿಸಿದ್ದು ಎಂದು ಕೇಳಿದರು. ಮೇಡಂ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ನಾನೇ ನುಡಿಸಿದ್ದು."

ಅವರು ನನ್ನ ವಾರೆ ಬಾಯಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮುಂದಿನ ವರ್ಷ ನಮ್ಮ ತಂಡಕ್ಕೂ ಮಾಡಿಕೊಡುತ್ತೀರಾ ಎಂದು ಕೇಳಿದರು. ಸೀಟಿ ಮೇಡಂ ಪಕ್ಕದಿಂದ ನನ್ನ ಕಾಲು ತುಳಿದರು.

"ಮಾಡ್ತೀನಿ" ಅಂದೆ. "ಮೊದಲು ನಿಮ್ಮ ಹುಡುಗಿಯರು ಎಲ್ಲೆಲ್ಲಿ ಉಸಿರು ತಗೊಳ್ತಾರೆ ಅಂತ ನನಗೆ ತೋರಿಸಿ."